ಫಾರ್ವರ್ಡ್‌ನಲ್ಲಿ ಬಿಟ್ಟುಹೋದ ಅರ್ಧ

‘ಬ್ಲಡ್ ಕ್ಯಾನ್ಸರ್‌ಗೆ ಮದ್ದು ಸಿಕ್ತು, ಒಂದೇ ಡೋಸ್ ಸಾಕು’ ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬೇಕು. ಅದರಲ್ಲಿ ಅರ್ಧ ನಿಜ. ಬಿಟ್ಟುಹೋದ ಇನ್ನರ್ಧದ ಬಗ್ಗೆ ಈ ವಾರ ಮಾತಾಡೋಣ.

ಚಿಕಿತ್ಸೆಯ ಹೆಸರು ಕಾರ್-ಟಿ. (ಓಡಿಸೋ ಕಾರಲ್ಲ, ಬೆಲೆ ಮಾತ್ರ ದೊಡ್ಡ ಕಾರಿನದೇ.) ರೋಗಿಯ ರಕ್ತದಿಂದ ಟಿ-ಕೋಶಗಳನ್ನು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳನ್ನು ಬೇರ್ಪಡಿಸುತ್ತಾರೆ. ಲ್ಯಾಬ್‌ನಲ್ಲಿ ಅವಕ್ಕೆ ಹೊಸ ಜೀನ್ ಸೇರಿಸುತ್ತಾರೆ. ಆಗ ಅವು ಕ್ಯಾನ್ಸರ್ ಕೋಶದ ಮೈಮೇಲಿರೋ ಸಿಡಿ19 ಎಂಬ ಗುರುತನ್ನು ಹುಡುಕಿ ದಾಳಿ ಮಾಡುತ್ತವೆ. ಕೋಟಿಗಟ್ಟಲೆ ಬೆಳೆಸಿ ಅದೇ ರೋಗಿಗೆ ಡ್ರಿಪ್‌ನಲ್ಲಿ ವಾಪಸ್ ಕೊಡುತ್ತಾರೆ. ತಯಾರಿಗೇ ಕೆಲವು ವಾರ ಬೇಕು.

2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಹುಡುಗಿಗೆ ಇದನ್ನು ಕೊಟ್ಟರು. ಕೀಮೋ ಆದ ಮೇಲೂ ಎರಡು ಸಲ ಲ್ಯುಕೇಮಿಯಾ ಮರುಕಳಿಸಿತ್ತು. ಆಮೇಲೆ ಶುರುವಾಯ್ತು ನೋಡಿ, ವಿಪರೀತ ಜ್ವರ, ಬಿಪಿ ಕುಸಿತ, ಕೊನೆಗೆ ವೆಂಟಿಲೇಟರ್. ಕ್ಯಾನ್ಸರ್ ಮೇಲೆ ಬಿದ್ದ ಕೋಶಗಳ ಗದ್ದಲದಲ್ಲಿ ಐಎಲ್-6 ಎಂಬ ಪ್ರೋಟೀನ್ ಮೈಯಲ್ಲಿ ಮಿತಿಮೀರಿತ್ತು. ಸಂಶೋಧಕ ಕಾರ್ಲ್ ಜೂನ್ ಅವರ ಮಗಳಿಗೆ ಸಂಧಿವಾತವಿತ್ತು. ಹಾಗಾಗಿ ಐಎಲ್-6 ತಡೆಯೋ ಸಂಧಿವಾತದ ಮದ್ದೊಂದು ಅವರಿಗೆ ಗೊತ್ತಿತ್ತು. ಅದನ್ನು ಕೊಟ್ಟ ಮೇಲೆ ಜ್ವರ ಇಳಿಯಿತು. ಏಳನೇ ಹುಟ್ಟುಹಬ್ಬದ ದಿನ ಎಮಿಲಿ ಕಣ್ಣುಬಿಟ್ಟಳು. ಹತ್ತು ವರ್ಷ ಕಳೆದರೂ ಕ್ಯಾನ್ಸರ್ ಮರಳಲಿಲ್ಲ. ಇವತ್ತಿಗೂ ಕಾರ್-ಟಿ ವಾರ್ಡ್‌ಗಳಲ್ಲಿ ಆ ಮದ್ದು, ಟೊಸಿಲಿಝುಮ್ಯಾಬ್, ಕೈಗೆಟಕುವಂತೆ ಇರಲೇಬೇಕು.

ಆದರೆ ಎಲ್ಲರೂ ಎಮಿಲಿ ಅಲ್ಲ. ಕೆಲವರಿಗೆ ಇದು ನಾಟುವುದಿಲ್ಲ, ಕೆಲವರಲ್ಲಿ ರೋಗ ಮತ್ತೆ ಬರುತ್ತೆ. ಸಿಡಿ19 ಇರೋ ಆರೋಗ್ಯವಂತ ಕೋಶಗಳೂ ಸಾಯೋದರಿಂದ ಸೋಂಕಿನ ಭಯ ತಿಂಗಳುಗಟ್ಟಲೆ ಇರುತ್ತೆ.

2017ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಮೊದಲ ಕಾರ್-ಟಿಯ ಬೆಲೆ ಆಗ 4,75,000 ಡಾಲರ್ ಇತ್ತು. ನಮ್ಮಲ್ಲಿ ಐಐಟಿ ಬಾಂಬೆ, ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19ಗೆ 2023ರಲ್ಲಿ ಅನುಮತಿ ಸಿಕ್ಕಿತು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ ಬಂತು. ಇವುಗಳ ಬೆಲೆ 30ರಿಂದ 50 ಲಕ್ಷ ಎಂಬ ವರದಿಗಳಿವೆ. ಅಮೆರಿಕಕ್ಕೆ ಹೋಲಿಸಿದರೆ ಅಗ್ಗ, ನಮ್ಮ ಸಂಬಳಕ್ಕೆ ಹೋಲಿಸಿದರೆ ಬೇಡ ಬಿಡಿ.

ನನಗೆ ನಿಜವಾದ ಭಯ ಬೇರೆ. ಫಾರ್ವರ್ಡ್ ಓದಿ ಮಗುವಿನ ಕೀಮೋ ಅರ್ಧಕ್ಕೇ ನಿಲ್ಲಿಸೋರು ಇರಬಹುದು. ಮಕ್ಕಳ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಬಹುಪಾಲು ಕೀಮೋದಲ್ಲೇ ಗುಣವಾಗುತ್ತೆ. ಸದ್ಯ ನಮ್ಮಲ್ಲಿ ಕಾರ್-ಟಿ ಬರೋದು ಕೀಮೋ ಕೈಕೊಟ್ಟ ಮೇಲೆ, ಅದೂ ಬಿ-ಕೋಶದ ಕೆಲವು ಕ್ಯಾನ್ಸರ್‌ಗಳಿಗೆ ಮಾತ್ರ.

ಇನ್ನು, ಕಂಪನಿ ಕೊಟ್ಟಿರೋ ಐದು ಲಕ್ಷದ ಪಾಲಿಸಿ ತೆಗೆದು ನೋಡಿ. ಹೊಸ ಬಗೆಯ ಚಿಕಿತ್ಸೆಗಳಿಗೆ ಅದರೊಳಗೇ ಇನ್ನೊಂದು ಮಿತಿ ಹಾಕಿರಬಹುದು. ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಕೇಳಿ, ಉತ್ತರ ಬರವಣಿಗೆಯಲ್ಲೇ ತಗೊಳ್ಳಿ.