ಹೆಸರಿಗೆ ಭಾಷಾಂತರವೇಕೆ?

ಕನ್ನಡ ಮರಾಠಿಗಳೆರಡರಲ್ಲೂ ಸಂಸ್ಕೃತ ಶಬ್ದಗಳು ಹೇರಳವಾಗಿರುವುದರಿಂದ ಒಂದರಿಂದ ಇನ್ನೊಂದಕ್ಕೆ ಭಾಷಾಂತರಿಸುವುದೆಂದರೆ ಲಿಪಿ ಬದಲಿಸಿದಷ್ಟೇ ಸುಲಭವೆಂದು ನಮ್ಮ ಜತ್ತ ತಾಲೂಕಿನಲ್ಲಿ ಅನೇಕರು ನಂಬಿರುವರು. ನಾವು ಇದನ್ನು ಒಪ್ಪಲಾರೆವು. ದಿನಬೆಳಗಾದರೆ ಎರಡು ಭಾಷೆಗಳ ನಡುವೆ ಮಕ್ಕಳನ್ನು ದಾಟಿಸುವ ನಮಗೆ ಈ ಸುಲಭದ ಬೆಲೆ ಗೊತ್ತು.

ಶಾಲೆಯ ಪ್ರವೇಶಪತ್ರವನ್ನೇ ತೆಗೆದುಕೊಳ್ಳಿರಿ. ಮರಾಠಿಯಲ್ಲಿ ‘ವ್ಯವಸಾಯ’ವೆಂದರೆ ಯಾವುದೇ ಕಸುಬು, ಕನ್ನಡದಲ್ಲಿ ಒಕ್ಕಲುತನ. ಪಾಲಕರ ‘ವ್ಯವಸಾಯ’ವೇನೆಂದು ಕನ್ನಡ ಅಕ್ಷರದಲ್ಲಿ ಕೇಳಿದರೆ ಅಂಗುಲ ಭೂಮಿಯಿಲ್ಲದ ಕ್ಷೌರಿಕನು ‘ಇಲ್ಲ’ವೆಂದೇ ಬರೆಯಿಸುವನು, ಕೈಕಸುಬುಳ್ಳವನು ದಾಖಲೆಯಲ್ಲಿ ನಿರುದ್ಯೋಗಿಯಾಗುವನು. ‘ಅನುಮಾನ’ವು ಮರಾಠಿಯಲ್ಲಿ ತರ್ಕದಿಂದ ಪಡೆದ ನಿರ್ಣಯ, ನಮ್ಮ ಮಕ್ಕಳಿಗೆ ಅದು ಸಂಶಯ. ವಿಜ್ಞಾನದ ಪ್ರಯೋಗ ಮುಗಿಸಿ ‘ಅನುಮಾನ ಬರೆಯಿರಿ’ ಎಂದರೆ, ಪಾಪ, ಹುಡುಗನು ಏನನ್ನು ಬರೆಯಬೇಕು? ಇನ್ನು ನಮ್ಮಲ್ಲಿಯ ಕೆಲವು ಶುದ್ಧಿಪ್ರಿಯರು ‘ಪಗಾರ’, ‘ತಲಾಠಿ’ಗಳನ್ನೂ ಓಡಿಸಬೇಕೆನ್ನುವರು. ಉಮದಿಯ, ಸಂಖದ ರೈತನ ಬಾಯಲ್ಲಿ ಅವು ಎಂದೋ ಕನ್ನಡವಾಗಿವೆ.

ರೂಢನಾಮದ ಮಾತು ಇಷ್ಟಾದರೆ ಅಂಕಿತನಾಮದ ಗತಿ ಇನ್ನೂ ಕಷ್ಟದ್ದು. ಒಬ್ಬ ಬಾಲಕಿಯು ಬೇರೊಂದು ಶಾಲೆಯಿಂದ ತಂದ ದಾಖಲೆಯಲ್ಲಿ ತಾಯಿಯ ಹೆಸರು ‘ಸೋನಾಬಾಯಿ’ ಎಂದಿತ್ತು. “ನಮ್ಮವ್ವ ಹೊನ್ನವ್ವ” ಎಂದು ಕೂಸು ಅಳುಮುಖ ಮಾಡಿತು. ಹೊನ್ನು ಎಂದರೆ ಚಿನ್ನವೆಂಬುದು ಬರೆದವರಿಗೆ ಗೊತ್ತಿತ್ತು. ಹೊನ್ನವ್ವನೆಂದರೆ ಒಬ್ಬ ಹೆಂಗಸೆಂಬುದು ಮರೆತುಹೋಗಿತ್ತು. ಆಂಗ್ಲರ ಸ್ಮಿತ್ ಎಂಬ ಅಡ್ಡಹೆಸರಿಗೂ ಫ್ರೆಂಚರ ಲೆಫೆವ್ರ್ ಎಂಬುದಕ್ಕೂ ಕಮ್ಮಾರನೆಂದೇ ಅರ್ಥ. ಹಾಗೆಂದು ಸ್ಮಿತ್ ಪ್ಯಾರಿಸಿಗೆ ಹೋದರೆ ಲೆಫೆವ್ರ್ ಆಗುವುದಿಲ್ಲ. ಊರ ಹೆಸರಿನಲ್ಲಿ ಮಾತ್ರ ಬಾಯಿಗೆ ಸ್ವಾತಂತ್ರ್ಯವುಂಟು. ಲಂಡನ್ನನ್ನು ಫ್ರೆಂಚರು ಲೋಂದ್ರ್ ಎನ್ನುವರು. ಸೋಲಾಪುರವನ್ನು ನಾವು ಸೊಲ್ಲಾಪುರವೆನ್ನುವೆವು. 2014ರಲ್ಲಿ ಸರಕಾರಿ ಕಾಗದದಲ್ಲಿಯೂ ಬೆಳಗಾವಿಯಾದ ಊರನ್ನು ಮರಾಠಿಗರು ಬೇಳಗಾವ ಎಂದರೆ ನಾವೇಕೆ ಸಿಡಿಮಿಡಿಗೊಳ್ಳಬೇಕು? (ಈ ಮಾತಿಗೆ ನಮ್ಮವರೇ ಕೆಲವರು ಮುನಿಯಬಹುದು.) ವ್ಯಕ್ತಿಯ ಹೆಸರಿಗೆ ಆ ನಿಯಮವು ಸಲ್ಲದು.

ಮರಾಠಿ ಬರಹದಲ್ಲಿ ಹ್ರಸ್ವ ಎಕಾರ ಒಕಾರಗಳಿಗೆ ಬೇರೆ ಚಿಹ್ನೆ ಬಳಕೆಯಲ್ಲಿಲ್ಲ. ಆದ್ದರಿಂದ ಹೊನ್ನವ್ವ ಅಲ್ಲಿಂದ ಮರಳುವಾಗ ಹೋನ್ನವ್ವಳಾಗುವಳು, ಕೆರೆಯು ಕೇರೆಹಾವಾಗುವುದು. ಅದು ಲಿಪಿಯ ಕೊರತೆ, ಯಾರ ದೋಷವೂ ಅಲ್ಲ. ಎಂತಲೇ ಕನ್ನಡ ಮಕ್ಕಳ ಹೆಸರುಗಳನ್ನು ಪಾಲಕರ ಬಾಯಿಂದ ಕೇಳಿ ದಾಖಲು ಪುಸ್ತಕದಲ್ಲಿ ಕನ್ನಡದಲ್ಲಿಯೂ ಬರೆದಿಡಬೇಕೆಂದು ನಾವು ಆಗ್ರಹಪಡಿಸುವುದು. ಅದಕ್ಕೆ ಬೇಕಾದದ್ದು ಒಂದು ಅಂಕಣ, ಅಷ್ಟೇ.

ಆ ದಾಖಲೆಯನ್ನು ತಿದ್ದಿಸಲು ಹೊನ್ನವ್ವ ಕೂಲಿ ಬಿಟ್ಟು ಮೂರು ಸಲ ಅಲೆದಳು. ತಾನೇ ಹೊನ್ನವ್ವನೆಂಬುದಕ್ಕೆ ಅವಳಿಂದ ಪುರಾವೆ ಕೇಳಿದರು.