ಕಾಂಗ್ರೆಸ್ ಕಸದ ತುರಿಕೆಗೆ ರಕ್ತವನ್ನು ದೂರುವುದೇಕೆ?

ಅಲರ್ಜಿ ಎಂದರೆ ದೇಹದ ರೋಗನಿರೋಧಕ ವ್ಯವಸ್ಥೆಯು ಬಹುಪಾಲು ಜನರಿಗೆ ಏನೂ ಮಾಡದ ವಸ್ತುವೊಂದನ್ನು ಶತ್ರುವೆಂದು ಬಗೆದು ತಿರುಗಿಬೀಳುವುದು. ಈ ಪ್ರವೃತ್ತಿ ಮನೆತನಗಳಲ್ಲಿ ಇಳಿದುಬರುವುದು ನಿಜವೇ ಆದರೂ, ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹೊಲಗಳಲ್ಲಿ ದುಡಿಯುವವರ ತುರಿಕೆ, ಸೀನು, ಉಬ್ಬಸಗಳಿಗೆಲ್ಲ ‘ಅದು ವಂಶದ್ದು’ ಎಂಬ ಒಂದೇ ಉತ್ತರ ಕೊಟ್ಟು ಕೈತೊಳೆದುಕೊಳ್ಳುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ.

ಗೋವಿನಜೋಳದ ಹೊಲದ ಬದುವಿನಲ್ಲಿ ಮಳೆ ಬಿದ್ದೊಡನೆ ಹುಟ್ಟಿ, ತಿಂಗಳೊಪ್ಪತ್ತಿನಲ್ಲಿ ಬಿಳಿ ಹೂ ತಳೆಯುವ ಪಾರ್ಥೇನಿಯಂ, ಅಂದರೆ ಜನರ ಬಾಯಲ್ಲಿನ ಕಾಂಗ್ರೆಸ್ ಕಸ, ಅಮೆರಿಕ ಖಂಡದ್ದು. 1955ರಲ್ಲಿ ಪುಣೆಯಲ್ಲಿ ಗುರುತಿಸಲಾದ ಈ ಕಳೆಯ ಎಲೆಯ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ತೇಲಿ ಬಂದು ಕೂರುವುದರಿಂದ ಕಣ್ಣರೆಪ್ಪೆ ಊದಿಕೊಳ್ಳುತ್ತದೆ, ಕತ್ತು ಮತ್ತು ಮೊಣಕೈ ಮಡಿಕೆಯ ಚರ್ಮ ಕಪ್ಪಾಗಿ ತೊಗಲಿನಂತೆ ದಪ್ಪಗಟ್ಟುತ್ತದೆ. ಒಮ್ಮೆ ಒಗ್ಗದ ಮೈಗೆ ಮತ್ತೆ ಸೋಕಿದ ಒಂದೆರಡು ದಿನಗಳಲ್ಲಿ ಕೆರೆತ ಮರುಕಳಿಸುತ್ತದೆ. ಕರ್ನಾಟಕ ಸರ್ಕಾರ 1975ರಲ್ಲಿಯೇ ಇದನ್ನು ಕಾನೂನಿನಡಿ ಅಪಾಯಕಾರಿ ಕಳೆಯೆಂದು ಘೋಷಿಸಿತು; 1984ರಲ್ಲಿ ಇದನ್ನು ತಿನ್ನುವ ಮೆಕ್ಸಿಕೋ ಮೂಲದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಕಳೆ ಮಾತ್ರ ಇನ್ನೂ ಬದುವಿನಲ್ಲಿಯೇ ಇದೆ.

ವಂಶವಾಹಿಗಳ, ಅಂದರೆ ಜೀನ್‌ಗಳ, ಪಾತ್ರವನ್ನು ಅಲ್ಲಗಳೆಯಬೇಕಿಲ್ಲ. ಚರ್ಮದ ಹೊರಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ಕೆಟ್ಟಿದ್ದರೆ ಎಕ್ಸಿಮಾ ಬರುವ ಸಂಭವ ಹೆಚ್ಚೆಂದು 2006ರಲ್ಲಿ ತಿಳಿಯಿತು. ಆದರೆ ಯುರೋಪಿಯನ್ನರಲ್ಲಿ ಸಾಮಾನ್ಯವಾದ ಆ ಮಾರ್ಪಾಡುಗಳು ಏಷ್ಯಾದವರಲ್ಲಿ ವಿರಳ. ಇಲ್ಲಿನ ಮಾರ್ಪಾಡುಗಳೇ ಬೇರೆ. ಹೀಗಿರುವಾಗ ಅಲ್ಲಿನ ಪಟ್ಟಿಯಿಂದ ಇಲ್ಲಿನ ಮೈಯನ್ನು ಅಳೆಯುವುದು ಹೇಗೆ? 83 ಜನಸಮುದಾಯಗಳ 10,000 ಜನರ ಜೀನೋಮ್ ಓದಿದ ಜೀನೋಮ್‌ ಇಂಡಿಯಾ ಯೋಜನೆ ಈ ಕೊರತೆ ನೀಗುವ ದಾರಿಯಲ್ಲಿನ ಸ್ವಾಗತಾರ್ಹ ಹೆಜ್ಜೆ. ಆದರೆ ಅದರ ಹೆಸರು ಹೇಳಿ ಕಳೆಯ ಹೊಣೆಯನ್ನು ರಕ್ತಕ್ಕೆ ವರ್ಗಾಯಿಸಲಾಗದು.

ಬೆಂಗಳೂರಿನ ಡಾ. ಎಚ್. ಪರಮೇಶ್ ಅವರ ಅಧ್ಯಯನದಲ್ಲಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಉಬ್ಬಸದ ಪ್ರಮಾಣ 1979ರ ಶೇ. 9ರಿಂದ 1999ಕ್ಕೆ ಶೇ. 29.5ಕ್ಕೇರಿತು. ಇಪ್ಪತ್ತು ವರ್ಷಗಳಲ್ಲಿ ಒಂದು ಊರಿನ ಜನರ ಜೀನ್‌ಗಳು ಅಷ್ಟು ಬದಲಾಗುವುದಿಲ್ಲ, ಬದಲಾದದ್ದು ಅವರು ಉಸಿರಾಡಿದ ಗಾಳಿ. ಅಮೆರಿಕದ ಅಮಿಶ್ ಮತ್ತು ಹಟರೈಟ್ ಎಂಬ ಎರಡು ರೈತ ಸಮುದಾಯಗಳು ವಂಶದಲ್ಲಿ ಹತ್ತಿರದವಾದರೂ, ದನಕರುಗಳ ಜೊತೆಗೇ ಬೆಳೆಯುವ ಅಮಿಶ್ ಮಕ್ಕಳಲ್ಲಿ ಉಬ್ಬಸ ಶೇ. 5.2, ಯಂತ್ರ ಬಳಸಿ ದುಡಿಯುವ ಹಟರೈಟರ ಮಕ್ಕಳಲ್ಲಿ ಶೇ. 21.3 ಎಂದು 2016ರ ಸಂಶೋಧನೆಯೊಂದು ತೋರಿಸಿದೆ.

ಜೀನ್ ಪರೀಕ್ಷೆ ನಿಜಕ್ಕೂ ಜೀವ ಉಳಿಸುವ ಕಡೆ ಅದನ್ನು ಒತ್ತಾಯಿಸಿ ಕೇಳಬೇಕು: ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಮಾತ್ರೆ ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ರೂಪವಿರುವವರ ಚರ್ಮವನ್ನು ಸುಟ್ಟಂತೆ ಸುಲಿಯಬಲ್ಲದು. ಹೊಲದ ಕೆರೆತಕ್ಕೆ ಬೇಕಿರುವುದು ಬೇರೆ. ಅನುಮಾನದ ವಸ್ತುವನ್ನು ಬೆನ್ನಿಗೆ ಅಂಟಿಸಿ ಎರಡು ದಿನಗಳ ನಂತರ ನೋಡುವ ಪ್ಯಾಚ್ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಸಿಗಬೇಕು. ಹೂ ಬಿಡುವ ಮುನ್ನವೇ ಪಂಚಾಯಿತಿಗಳು ಕಳೆ ಕೀಳಿಸಬೇಕು. ಕೀಳುವ ಕೂಲಿಯವರಿಗೆ ಕೈಗವಸು ಮತ್ತು ತುಂಬುತೋಳಿನ ಅಂಗಿಯನ್ನು ಮೊದಲು ಕೊಡಬೇಕು, ಏಕೆಂದರೆ ಬರಿಗೈಯಲ್ಲಿ ಕಿತ್ತವರ ಮೈಗೇ ಅದು ಮೊದಲು ಹತ್ತುತ್ತದೆ.