ಹಳಿಯೊಳಗಿನ ಬಿರುಕು: ಕಣ್ಣಿಗೆ ಕಾಣದ ಅಪಾಯ

ಧರ್ಮಪುರಿ: 2021ರ ನವೆಂಬರ್ 12ರ ನಸುಕಿನಲ್ಲಿ ತೊಪ್ಪೂರು-ಸಿವಾಡಿ ನಡುವೆ ಕಣ್ಣೂರು-ಯಶವಂತಪುರ ಎಕ್ಸ್‌ಪ್ರೆಸ್ ಹಳಿ ತಪ್ಪಿತು. ಹಳಿಯ ಮೇಲೆ ಉರುಳಿದ ಬಂಡೆಗಳೇ ಕಾರಣ. ಪ್ರಯಾಣಿಕರೆಲ್ಲ ಪಾರಾದರು. ಬಂಡೆಯಾದರೆ ಕಣ್ಣಿಗೆ ಬೀಳುತ್ತದೆ. ಹಳಿಯ ಉಕ್ಕಿನೊಳಗೆ ಬೆಳೆಯುವ ಬಿರುಕು ಹಾಗಲ್ಲ.

ಸೇಲಂ-ಧರ್ಮಪುರಿ ಸೀಮೆಯ ಹಳಿಗಳ ಮೇಲೆ ಹಗಲಿರುಳು ಗೂಡ್ಸ್ ಓಡುತ್ತದೆ. ಮೆಟ್ಟೂರು ಥರ್ಮಲ್‌ಗೆ ಕಲ್ಲಿದ್ದಲು ಬರುವುದೂ ರೈಲಿನಲ್ಲೇ. 2005ರ ನಂತರ ವ್ಯಾಗನ್‌ಗಳಿಗೆ ಹೆಚ್ಚು ಸರಕು ತುಂಬಲು ರೈಲ್ವೆ ಇಲಾಖೆ ಅನುಮತಿ ಕೊಟ್ಟಿತು. ಒಂದು ಜೋಡಿ ಗಾಲಿ ಹೊರುವ ಭಾರ ಅನೇಕ ಮಾರ್ಗಗಳಲ್ಲಿ 20.3 ಟನ್‌ನಿಂದ 22.9 ಟನ್ನಿನವರೆಗೆ ಏರಿತು. ಇಲಾಖೆಗೆ ಆದಾಯ ಬಂತು, ಹಳಿಗೆ ಪೆಟ್ಟು ಹೆಚ್ಚಾಯಿತು.

ಬಿರುಕು ಹಿಡಿಯುವ ಉಪಾಯ ಶಬ್ದ, ಅದೂ ಕಿವಿಗೆ ಕೇಳಿಸದ ಶಬ್ದ. ಸಿಬ್ಬಂದಿ ಕೈಯಲ್ಲಿ ತಳ್ಳುವ ಪುಟ್ಟ ಟ್ರಾಲಿಯಿಂದ ಅಲ್ಟ್ರಾಸಾನಿಕ್ ಅಲೆಗಳು ಹಳಿಯೊಳಗೆ ಇಳಿಯುತ್ತವೆ. ಬಿರುಕಿದ್ದರೆ ಅಲೆ ತಟ್ಟಿ ಹಿಂತಿರುಗುತ್ತದೆ, ಪರದೆಯಲ್ಲಿ ಗುರುತು ಮೂಡುತ್ತದೆ. ದೋಷ ಗಂಭೀರವಾದರೆ ಆ ತುಂಡನ್ನೇ ಬದಲಿಸುತ್ತಾರೆ. ಅಲ್ಲಿಯವರೆಗೆ ಫಿಶ್‌ಪ್ಲೇಟ್ ಬಿಗಿದು ವೇಗ ಇಳಿಸುತ್ತಾರೆ.

ಆದರೆ ಯಂತ್ರಕ್ಕೂ ಮಿತಿ ಇದೆ. ಹಳಿಯ ಬುಡದ ಎರಡು ಅಂಚುಗಳಿಗೆ ಟ್ರಾಲಿಯ ಅಲೆ ಸರಿಯಾಗಿ ತಲುಪದು. ಬೆಸುಗೆ ಹಾಕಿದ ಜಾಗಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಆದ್ದರಿಂದ ದಿನವೂ ಹಳಿಗುಂಟ ನಡೆಯುವ ಕೀಮ್ಯಾನ್‌ನ ಕಣ್ಣಿಗೆ ಇನ್ನೂ ಬೆಲೆ ಇದೆ.

ಚಳಿಯಲ್ಲಿ ಅಪಾಯ ಹೆಚ್ಚು. ಉದ್ದಕ್ಕೆ ಬೆಸೆದ ಹಳಿ ಕುಗ್ಗಲು ಎಳೆಯುತ್ತದೆ, ಒಳಗಿನ ಬಿರುಕು ಬಾಯಿ ಬಿಡುತ್ತದೆ. 1998ರ ನವೆಂಬರ್ 26ರಂದು ಪಂಜಾಬಿನ ಖನ್ನಾ ಬಳಿ ಹಳಿ ತುಂಡಾಗಿ ಫ್ರಾಂಟಿಯರ್ ಮೇಲ್‌ನ ಬೋಗಿಗಳು ಕಳಚಿಬಿದ್ದವು. ಪಕ್ಕದ ಹಳಿಯಲ್ಲಿ ಬಂದ ರೈಲು ಅವಕ್ಕೆ ಡಿಕ್ಕಿ ಹೊಡೆದು ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಪರೀಕ್ಷೆಯ ಸರದಿ ಕ್ಯಾಲೆಂಡರ್ ನೋಡಿ ಬರುವುದಲ್ಲ, ಹಳಿಯ ಮೇಲೆ ಹೋದ ಒಟ್ಟು ಟನ್ ಲೆಕ್ಕದಲ್ಲಿ ಬರುತ್ತದೆ. ಗೂಡ್ಸ್ ಹೆಚ್ಚಿದರೆ ಸರದಿ ಬೇಗ ಬರಬೇಕು. ಅದಕ್ಕೆ ರೈಲುಗಳ ನಡುವೆ ಬಿಡುವೂ ಬೇಕು, ತರಬೇತಾದ ಜನರೂ ಬೇಕು. ಸರಕಿನ ಆದಾಯ ಎಣಿಸುವವರು ಈ ಎರಡನ್ನೂ ಎಣಿಸಬೇಕು.

ಇಲ್ಲಿ ಇನ್ನೊಂದು ತೊಡಕಿದೆ. ಬೊಮ್ಮಿಡಿ-ಮೊರಪ್ಪೂರು ಮಾರ್ಗ ದಕ್ಷಿಣ ರೈಲ್ವೆಯ ಸೇಲಂ ವಿಭಾಗದ್ದು. ಧರ್ಮಪುರಿ-ತೊಪ್ಪೂರು ಮಾರ್ಗ ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗದ್ದು. ಹಳ್ಳಿಯವರಿಗೆ ಈ ಗಡಿ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಹಳಿ ಬಿಟ್ಟಿರುವುದು ಕಂಡರೆ ಹತ್ತಿರದ ಗೇಟಿನವರಿಗೋ ಸ್ಟೇಷನ್ನಿಗೋ ಕೂಡಲೇ ತಿಳಿಸಿ, 139ಕ್ಕೂ ಫೋನ್ ಮಾಡಬಹುದು. ತಮಿಳಾಗಲಿ ಕನ್ನಡವಾಗಲಿ, ಸಕಾಲಕ್ಕೆ ಹೇಳಿದ ಒಂದು ಮಾತು ರೈಲು ನಿಲ್ಲಿಸಬಲ್ಲದು.